ಗಾಡಿ ನೀರು ಕುಡೀತಿದೆ ಅಂದ್ರೆ ಎಲ್ಲೋ ಸೋರ್ತಿದೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆ ಹದಿನೈದು ವರ್ಷ ದಾಟಿದ ಗಾಡಿಗಳ ಡಿಕ್ಕಿ ತೆಗೆದು ನೋಡಿ. ಸ್ಟೆಪ್ನಿ, ಜಾಕ್ ಇಲ್ಲದಿದ್ದರೂ ಇರಬಹುದು, ಒಂದು ಕ್ಯಾನ್ ನೀರು ಮಾತ್ರ ಇದ್ದೇ ಇರುತ್ತೆ. ಅದು ಕುಡಿಯೋಕಲ್ಲ, ಗಾಡಿಗೆ. ಬೆಳಗ್ಗೆ ಹೊರಡೋ ಮುಂಚೆ ಬಾನೆಟ್ ಎತ್ತಿ ರೇಡಿಯೇಟರ್‌ಗೆ ಅರ್ಧ ಲೀಟರ್ ಸುರಿದು, ಮುಚ್ಚಳ ತಿರುಗಿಸಿ, ಒಂದು ಸಲ ಕೈಮುಗಿದು ಹೊರಟರೆ ಮುಗಿಯಿತು. ಯಾಕೆ ಅಂತ ಕೇಳಿದರೆ, "ಹಳೇ ಗಾಡಿ ಅಲ್ವಾ, ಸ್ವಲ್ಪ ನೀರು ಕುಡೀತದೆ" ಅಂತಾರೆ.

ಎಂಜಿನ್ ಪೆಟ್ರೋಲ್ ಕುಡಿಯುತ್ತೆ, ಸವೆದಿದ್ದರೆ ಆಯಿಲ್ ಕೂಡ ಸ್ವಲ್ಪ ಸುಡುತ್ತೆ. ನೀರು ಮಾತ್ರ ಕುಡಿಯಬಾರದು. ಎಂಜಿನ್ನಿನ ಸುತ್ತ ಓಡಾಡುವ ನೀರು ಮುಚ್ಚಿದ ದಾರಿಯಲ್ಲಿ ತಿರುಗುತ್ತೆ: ಪಂಪ್ ತಳ್ಳುತ್ತೆ, ಎಂಜಿನ್ನಿನ ಶಾಖ ಹೊತ್ತುಕೊಂಡು ಮೇಲಿನ ಹೋಸ್‌ನಿಂದ ರೇಡಿಯೇಟರ್‌ಗೆ ಬರುತ್ತೆ, ಅಲ್ಲಿ ಗಾಳಿಗೆ ತಣ್ಣಗಾಗಿ ಕೆಳಗಿನ ಹೋಸ್‌ನಿಂದ ವಾಪಸ್ ಹೋಗುತ್ತೆ. ಹೊರಗೆ ಹೋಗೋಕೆ ದಾರಿಯೇ ಇಲ್ಲ. ವಾರಕ್ಕೆ ಒಂದು ಲೀಟರ್ ಕಮ್ಮಿಯಾಗ್ತಿದೆ ಅಂದರೆ ಎಲ್ಲೋ ಒಂದು ಕಡೆ ಹೋಗ್ತಿದೆ, ಅಷ್ಟೇ. ಅದು ಇಪ್ಪತ್ತೈದು ರೂಪಾಯಿಯ ಕ್ಲಿಪ್ ಇರಬಹುದು, ಹೆಡ್ ಗ್ಯಾಸ್ಕೆಟ್ಟೂ ಇರಬಹುದು. ಯಾವುದು ಅಂತ ಗೊತ್ತಾಗೋವರೆಗೂ ಜೇಬಿಗೆ ಕೈ ಹಾಕಬಾರದು.

ಈ ಲೇಖನಕ್ಕೆ ಕಾರಣ ಶ್ರೀನಿವಾಸಪುರದ ಹತ್ತಿರ ಇರುವ ನಮ್ಮ ದೊಡ್ಡಪ್ಪನ 2005ರ ಮಾರುತಿ 800. ದೊಡ್ಡಮ್ಮನಿಗೆ ವಾರಕ್ಕೆ ಎರಡು ಸಲ ಕೋಲಾರದಲ್ಲಿ ಡಯಾಲಿಸಿಸ್. ಹೋಗೋವಾಗ ಹೇಗೋ ಬಸ್ಸಿನಲ್ಲಿ ಹೋಗಬಹುದು, ನಾಲ್ಕು ಗಂಟೆ ಮಲಗಿದ್ದು ಎದ್ದ ಮೇಲೆ ಬಸ್ ಹತ್ತೋ ಶಕ್ತಿ ಇರಲ್ಲ. ಹಾಗಾಗಿ ಆ ಕಾರು ಅವರಿಗೆ ಶೋಕಿಯಲ್ಲ. ಬೇಸಿಗೆಯಲ್ಲಿ ಒಂದು ಸಲ ವಾಪಸ್ ಬರೋವಾಗ ಮುಳ್ಳು ಕೆಂಪು ಗೆರೆಗೆ ಹೋಗಿ, ಹುಣಸೆಮರದ ಕೆಳಗೆ ಒಂದೂವರೆ ಗಂಟೆ ನಿಂತರು. ಒಬ್ಬ ಮೆಕ್ಯಾನಿಕ್ ನೋಡಿ ರೇಡಿಯೇಟರ್ ಹೋಗಿದೆ, ಹೊಸದು ಹಾಕಬೇಕು ಅಂದಿದ್ದ. ಹಣ ಹೊಂದಿಸೋವರೆಗೆ ನೀರು ಸುರಿಯೋದು ನಡೀತಿತ್ತು.

ನಮ್ಮ ಕಡೆ ನೀರೇ ಬೇರೆ

ಬೋರ್‌ವೆಲ್ ನೀರನ್ನ ರೇಡಿಯೇಟರ್‌ಗೆ ಹಾಕಬೇಡಿ ಅಂತ ಎಲ್ಲಾ ಊರಲ್ಲೂ ಹೇಳ್ತಾರೆ. ನಮ್ಮ ಜಿಲ್ಲೆಯಲ್ಲಿ ಆ ಮಾತಿಗೆ ಎರಡು ಪಟ್ಟು ತೂಕ. ಇಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ, ಪಾಲಾರ್ ಹೆಸರಿಗೆ ಮಾತ್ರ ನದಿ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ನಮಗೆ ಹೊಸದೇನಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರ್ತಿದೆ, ಅದರ ಬಗ್ಗೆ ಜಗಳ ಬೇರೆ ಇದೆ, ಅದು ಇನ್ನೊಂದು ದಿನದ ಮಾತು. ಕೋಲಾರದ ನೀರು ಅಂದರೆ ನಾವೆಲ್ಲ ಮೊದಲು ಹೇಳೋದು ಫ್ಲೋರೈಡ್. ಗಾಡಿಗೆ ತೊಂದರೆ ಕೊಡೋದು ಅದಲ್ಲ, ಗಡಸುತನ. ಅಂದರೆ ನೀರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ.

ಸ್ನಾನದ ನೀರು ಕಾಯಿಸೋ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತಲ್ಲ, ಗೀಸರ್ ಕಾಯಿಲ್ ಮೇಲೆ ಸುಣ್ಣ ಮೆತ್ತಿಕೊಳ್ಳುತ್ತಲ್ಲ, ಅದೇ ಎಂಜಿನ್ನಿನ ಒಳಗೂ ಆಗುತ್ತೆ. ಲೀಟರ್ ನೀರಲ್ಲಿ ಒಂದು ಗ್ರಾಂ ಲವಣ ಇದೆ ಅಂದುಕೊಳ್ಳಿ. ವಾರಕ್ಕೆ ಒಂದು ಲೀಟರ್ ಸುರಿದರೆ ವರ್ಷಕ್ಕೆ 52 ಗ್ರಾಂ ಲವಣ ಒಳಗೆ ಹೋಯಿತು. ಸೋರೋ ನೀರಿನ ಜೊತೆ ಒಂದಷ್ಟು ಹೊರಗೆ ಹೋದರೂ, ಉಳಿದದ್ದು ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಕೂರುತ್ತೆ. ಸುಣ್ಣದ ಪೊರೆ ಅಲ್ಯೂಮಿನಿಯಂಗೆ ಹೋಲಿಸಿದರೆ ಸುಮಾರು ನೂರನೇ ಒಂದು ಪಾಲಿನಷ್ಟು ಮಾತ್ರ ಶಾಖ ಸಾಗಿಸುತ್ತೆ. ಎಂಜಿನ್‌ಗೆ ಕಂಬಳಿ ಹೊದಿಸಿದ ಹಾಗೆ. ಸೋರಿಕೆಗೆ ಅಂತ ಸುರಿದ ನೀರೇ ಕೊನೆಗೆ ಎಂಜಿನ್ ಕಾಯೋಕೆ ಇನ್ನೊಂದು ಕಾರಣ ಆಗುತ್ತೆ.

ಐದು ರೂಪಾಯಿ ಕಾಯಿನ್ ಹಾಕಿ ಹಿಡಿಯೋ ಶುದ್ಧ ನೀರಿನ ಘಟಕದ ನೀರು ಆಗಲ್ವಾ ಅಂತ ಕೇಳ್ತಾರೆ. ಬೋರ್ ನೀರಿಗಿಂತ ಎಷ್ಟೋ ವಾಸಿ, ದಾರಿಯಲ್ಲಿ ಕೆಟ್ಟು ನಿಂತಾಗ ಅದನ್ನೇ ಹಾಕಿ. ಆದರೆ ಖಾಯಂ ಆಗಿ ಹಾಕೋಕೆ ಬ್ಯಾಟರಿ ಅಂಗಡಿಯಲ್ಲಿ ಸಿಗೋ ಡಿಸ್ಟಿಲ್ಡ್ ವಾಟರ್ ಬೇಕು. "ನಮ್ಮೂರಲ್ಲಿ ಹಿಮ ಬೀಳಲ್ಲ, ಕೂಲೆಂಟ್ ಯಾಕೆ?" ಅನ್ನೋದು ದೊಡ್ಡಪ್ಪನ ಪ್ರಶ್ನೆ. ಕೂಲೆಂಟ್‌ನಲ್ಲಿರೋದು ಮುಖ್ಯವಾಗಿ ಎಥಿಲಿನ್ ಗ್ಲೈಕಾಲ್, ನೀರು ಹೆಪ್ಪುಗಟ್ಟದ ಹಾಗೆ ಅದು ತಡೆಯುತ್ತೆ ನಿಜ. ಅದರ ಜೊತೆ ಕುದಿಯೋ ಮಟ್ಟವನ್ನ ಮೇಲಕ್ಕೆ ತಳ್ಳುತ್ತೆ, ಅದರಲ್ಲಿ ಬೆರೆಸಿರೋ ರಾಸಾಯನಿಕಗಳು ಒಳಗಿನ ಲೋಹಕ್ಕೆ ತುಕ್ಕು ಹಿಡಿಯದ ಹಾಗೆ ಕಾಯುತ್ತವೆ. ನಮಗೆ ಬೇಕಾಗಿರೋದು ಆ ಎರಡು.

ಮುಚ್ಚಳದ ವಿಷಯ

ಬೇರೆ ಏನು ಓದದಿದ್ದರೂ ಇದೊಂದು ಓದಿ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ ಇದೆ, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಗೆ. ಎಂಜಿನ್ ಸಲೀಸಾಗಿ ಓಡೋ ಶಾಖವೇ ಅದರ ಹತ್ತಿರ ಹತ್ತಿರ. ಅದಕ್ಕೇ ರೇಡಿಯೇಟರ್ ಮುಚ್ಚಳದಲ್ಲಿ ಸ್ಪ್ರಿಂಗ್ ಇಟ್ಟು ಒಳಗೆ ಒತ್ತಡ ನಿಲ್ಲೋ ಹಾಗೆ ಮಾಡಿರ್ತಾರೆ. ಮುಚ್ಚಳದ ಮೇಲೆ 0.9 ಅಂತಲೋ 1.1 ಅಂತಲೋ ಅಚ್ಚು ಇರುತ್ತೆ, ನೋಡಿ. 0.9 ಒತ್ತಡದಲ್ಲಿ ಬರೀ ನೀರು ಕೂಡ 117 ಡಿಗ್ರಿವರೆಗೂ ಕುದಿಯದೆ ಇರುತ್ತೆ. ಪ್ರೆಷರ್ ಕುಕ್ಕರ್ ಲೆಕ್ಕ.

ಈಗ 110 ಡಿಗ್ರಿಯಲ್ಲಿ ಇರೋ ಆ ನೀರಿನ ಮುಚ್ಚಳ ತೆಗೆದರೆ? ಒತ್ತಡ ಹೋದ ಕ್ಷಣಕ್ಕೇ ನೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿ ನೀರು ಹಬೆಯಾಗುತ್ತೆ. ಎರಡು ಪಾಲು ತಾನೇ ಅನ್ನಿಸುತ್ತೆ. ನೀರು ಹಬೆಯಾದಾಗ 1,600 ಪಟ್ಟಿಗೂ ಹೆಚ್ಚು ಉಬ್ಬುತ್ತೆ. ಮೂರು ಲೀಟರ್ ನೀರಿದ್ದರೆ ನೂರು ಲೀಟರಿಗೂ ಹೆಚ್ಚು ಹಬೆ, ಉಳಿದ ಕುದಿನೀರನ್ನೂ ಹೊತ್ತುಕೊಂಡು, ಮುಚ್ಚಳ ತೆಗೆದವರ ಮುಖಕ್ಕೇ ಬರುತ್ತೆ. ಒದ್ದೆ ಬಟ್ಟೆ ಹಾಕಿ ತೆಗೀತೀನಿ ಅನ್ನೋ ಧೈರ್ಯ ಬೇಡ. ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ ಬಿಟ್ಟು, ಕಮ್ಮಿ ಅಂದರೆ ಒಂದು ಗಂಟೆ ದೂರ ಕೂತುಕೊಳ್ಳಿ. ಮೇಲಿನ ಹೋಸ್ ಕೈಗೆ ತಣ್ಣಗೆ, ಮೆತ್ತಗೆ ಸಿಕ್ಕಿದ ಮೇಲೆ ಮುಚ್ಚಳ. ಕಾದ ಎಂಜಿನ್ ಮೇಲೆ ತಣ್ಣೀರು ಎರಚೋದೂ ಬೇಡ, ಹೆಡ್ ಸೀಳು ಬಿಡುತ್ತೆ.

ಹುಡುಕೋದು ಹೇಗೆ

ದೊಡ್ಡಪ್ಪನ ಗಾಡಿಯ ಕೆಳಗೆ ನೆಲ ಯಾವತ್ತೂ ಒಣಗೇ ಇರ್ತಿತ್ತು. ಅದಕ್ಕೇ ಎಲ್ಲರಿಗೂ ಗೊಂದಲ. ಶನಿವಾರ ರಾತ್ರಿ ಗಾಡಿ ಕೆಳಗೆ ಹಳೇ ರಟ್ಟಿನ ಡಬ್ಬ ಬಿಚ್ಚಿ ಹಾಸಿದೆವು, ಮಾವಿನಕಾಯಿ ತುಂಬೋ ಡಬ್ಬ, ಆ ಕಡೆ ಅದಕ್ಕೇನು ಬರ. ಬೆಳಗ್ಗೆ ರಟ್ಟಿನ ಮೇಲೆ ಎರಡು ಕಲೆ. ಒಂದು ಕರ್ರಗಿತ್ತು, ಅದು ಆಯಿಲ್. ಇನ್ನೊಂದು ಒಂದು ರೂಪಾಯಿ ನಾಣ್ಯದಷ್ಟು, ಅಂಚಿನಲ್ಲಿ ಬಿಳಿ ಗೆರೆ. ಒಣಗಿದ ಮೇಲೆ ಬಿಳಿ ಉಪ್ಪು ಬಿಡೋದು ನಮ್ಮ ಬೋರ್ ನೀರಿನ ಸಹಿ. ಏಸಿ ಇರೋ ಗಾಡಿಯವರು ಗಮನಿಸಿ, ಏಸಿ ಓಡಿದಾಗ ಕೆಳಗೆ ಬೀಳೋ ತಿಳಿ ನೀರು ಸೋರಿಕೆ ಅಲ್ಲ. ಕೂಲೆಂಟ್ ಇದ್ದರೆ ಬಣ್ಣ ಇರುತ್ತೆ, ಬೆರಳಿಗೆ ಅಂಟಂಟು.

ಕಲೆ ಇರೋ ಜಾಗದ ನೇರ ಮೇಲೆಯೇ ತೂತು ಇರಬೇಕು ಅಂತಿಲ್ಲ. ನೀರು ಕೆಳಕ್ಕೆ ಇಳಿಯುತ್ತೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತೆ. ಹಾಗಾಗಿ ಒದ್ದೆ ಇರೋ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರೋದು ಯಾವುದು ಅಂತ ನೋಡಬೇಕು. ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಒಂದೊಂದೇ ಹೋಸ್ ಹಿಚುಕಿ ನೋಡಿದೆವು. ಒಳ್ಳೇ ಹೋಸ್ ಹಿಚುಕಿದರೆ ಗಟ್ಟಿ ರಬ್ಬರ್ ಚೆಂಡಿನ ಹಾಗೆ ವಾಪಸ್ ಬರುತ್ತೆ. ಹಳೇದು ಎರಡು ಥರ: ಒಂದೋ ಚಕ್ಕೆಯ ಹಾಗೆ ಸೆಟೆದು ಬಿರುಕು ತೋರಿಸುತ್ತೆ, ಇಲ್ಲಾ ಆಯಿಲ್ ಕುಡಿದು ಉಬ್ಬಿ ಮೆತ್ತಗಾಗಿರುತ್ತೆ. ರೇಡಿಯೇಟರ್‌ನ ಅಲ್ಯೂಮಿನಿಯಂ ಭಾಗ ಪ್ಲಾಸ್ಟಿಕ್ ತೊಟ್ಟಿಗೆ ಸೇರೋ ಅಂಚು, ವಾಟರ್ ಪಂಪ್‌ನ ಕೆಳಗಿರೋ ಸಣ್ಣ ತೂತು, ಡ್ಯಾಶ್‌ಬೋರ್ಡ್ ಹಿಂದೆ ಹೀಟರ್‌ಗೆ ಹೋಗೋ ಎರಡು ಸಣ್ಣ ಹೋಸ್, ಇವನ್ನೂ ನೋಡಬೇಕು. ಪಂಪ್‌ನ ಆ ತೂತು ಬೇಕು ಅಂತಲೇ ಇಟ್ಟಿರೋದು. ಒಳಗಿನ ಸೀಲ್ ಹೋದರೆ ನೀರು ಅಲ್ಲಿಂದ ಬಂದು ಹೇಳುತ್ತೆ. ಅದನ್ನ ಎಂ-ಸೀಲ್ ಹಾಕಿ ಮುಚ್ಚಿದ ಪುಣ್ಯಾತ್ಮರನ್ನೂ ನೋಡಿದ್ದೇನೆ.

ತಣ್ಣಗಿದ್ದಾಗ ನಮಗೆ ಏನೂ ಸಿಗಲಿಲ್ಲ. ಎಂಜಿನ್ ಹಾಕಿ, ಮುಚ್ಚಳ ಭದ್ರವಾಗಿ ಹಾಕಿ, ಹತ್ತು ನಿಮಿಷ ಓಡಲು ಬಿಟ್ಟೆವು. ಫ್ಯಾನು, ಬೆಲ್ಟ್ ಇರೋ ಕಡೆ ಕೈ, ಟವೆಲ್, ಶರ್ಟಿನ ತೋಳು ಹೋಗಬಾರದು. ಉದ್ದ ಕಡ್ಡಿಗೆ ಟಿಶ್ಯೂ ಪೇಪರ್ ಸುತ್ತಿ, ಪ್ರತಿ ಜಾಯಿಂಟಿಗೂ ತಾಗಿಸಿ ನೋಡುತ್ತಾ ಬಂದೆ. ಕೆಳಗಿನ ಹೋಸ್ ರೇಡಿಯೇಟರ್‌ಗೆ ಸೇರೋ ಕಡೆ, ಕ್ಲಿಪ್ಪಿನ ಅಡಿಯಲ್ಲಿ, ಪೇಪರ್ ಒದ್ದೆಯಾಯಿತು. ಒತ್ತಡ ಏರಿದಾಗ ಮಾತ್ರ ಹನಿ. ಬಿದ್ದ ಹನಿ ಬಿಸಿ ತಗಡಿನ ಮೇಲೆ ಅಲ್ಲೇ ಆರಿಹೋಗ್ತಿತ್ತು, ಓಡುವಾಗ ಗಾಳಿಗೆ ರೇಡಿಯೇಟರ್ ತಳವೆಲ್ಲ ಒದ್ದೆ ಆಗ್ತಿತ್ತು. ರೇಡಿಯೇಟರ್ ಹೋಗಿದೆ ಅಂತ ಅನ್ನಿಸಿದ್ದು ಅದಕ್ಕೇ. ಸೆಕೆಂಡಿಗೆ ಒಂದು ಹನಿ ಅಂದರೆ ಗಂಟೆಗೆ ಸುಮಾರು 180 ಮಿಲಿ. ಕೋಲಾರಕ್ಕೆ ಹೋಗಿ ಬರೋ ಲೆಕ್ಕಕ್ಕೆ ದೊಡ್ಡಪ್ಪನ ಅರ್ಧ ಲೀಟರ್ ಸರಿಯಾಗಿ ಕೂಡಿಬಂತು.

"ಇಷ್ಟೇನಾ?" ಅಂದರು ದೊಡ್ಡಪ್ಪ. "ಇಷ್ಟಕ್ಕೇ ಏನಪ್ಪಾ ರೇಡಿಯೇಟರ್ ಅಂತ ಹೇಳ್ದ ಅವ್ನು?"

ಹೋಸ್ ಬದಲಾಯಿಸಿದ್ದು

ಆ ಭಾನುವಾರ ತೆರೆದಿದ್ದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೋಸ್ 240 ರೂಪಾಯಿ, ಸ್ಕ್ರೂ ತಿರುಗಿಸೋ ಕ್ಲಿಪ್ ಎರಡಕ್ಕೆ 50. ಹಳೇದನ್ನ ಬಿಚ್ಚೋ ಮುಂಚೆ ಮಾಡೆಲ್, ವರ್ಷ ಹೇಳಿ ಹೊಸದು ತಂದಿಟ್ಟುಕೊಳ್ಳೋದು ವಾಸಿ, ಬಿಚ್ಚಿದ ಮೇಲೆ ಅಂಗಡಿಗೆ ಹೋಗೋಕೆ ಗಾಡಿ ಇರಲ್ಲ.

ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿದೆವು. ಗಾಡಿ ಎತ್ತಬೇಕಾದರೆ ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಇಟ್ಟಿಗೆ ಜೋಡಿಸೋದೂ ಬೇಡ, ಮಾಲೂರಿನ ಇಟ್ಟಿಗೆಯೇ ಆದರೂ ಸರಿ, ಅದು ಗೋಡೆ ಕಟ್ಟೋಕೆ. ಅಗಲವಾದ ಪ್ಲಾಸ್ಟಿಕ್ ಟಬ್ ಕೆಳಗಿಟ್ಟು ಕ್ಲಿಪ್ ಸಡಿಲಿಸಿದರೆ ನೀರು ಒಂದೇ ಸಲ ಬರುತ್ತೆ. ಬಂದ ನೀರು ಇಟ್ಟಿಗೆ ಪುಡಿ ಕದಡಿದ ಹಾಗಿತ್ತು.

ವರ್ಷಗಟ್ಟಲೆ ಕೂತ ಹೋಸ್ ಎಳೆದರೆ ಬರಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ರೇಡಿಯೇಟರ್‌ನ ಪ್ಲಾಸ್ಟಿಕ್ ಮೂತಿ ಮುರಿದು, ಆಗ ನಿಜವಾಗಲೂ ರೇಡಿಯೇಟರ್ ಹೊಸದು ಬೇಕಾಗುತ್ತೆ. ಹೇಗಿದ್ದರೂ ಎಸೆಯೋ ಹೋಸ್, ಬ್ಲೇಡಿನಲ್ಲಿ ಉದ್ದಕ್ಕೆ ಹುಷಾರಾಗಿ ಸೀಳಿ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಡಿಸಿದೆವು. ಮೂತಿಯ ಮೇಲೆ ಗಟ್ಟಿಯಾದ ಬಿಳಿ ಉಪ್ಪು ಉಂಗುರದ ಹಾಗೆ ಕೂತಿತ್ತು. ಅದರ ಮೇಲೆ ಹೊಸ ಹೋಸ್ ಹಾಕಿದರೂ ಸೋರುತ್ತೆ, ಹಾಗಾಗಿ ಅದನ್ನ ನೀರು ಹಾಕಿ ನಯವಾದ ಉಪ್ಪುಕಾಗದದಲ್ಲಿ ತಿಕ್ಕಿ, ಬೆರಳಿಟ್ಟರೆ ಜಾರೋ ಹಾಗೆ ಮಾಡಿಕೊಳ್ಳಬೇಕು. ಅರ್ಧ ಗಂಟೆ ಹೋಗಿದ್ದು ಇದಕ್ಕೇ. ಹೊಸ ಹೋಸ್‌ಗೆ ಗ್ರೀಸ್ ಹಚ್ಚಬೇಡಿ, ಒಳಗೆ ನೀರು ಸವರಿದರೆ ಸಾಕು. ಮೂತಿಯಲ್ಲಿ ಒಂದು ಉಬ್ಬು ಏಣು ಇರುತ್ತೆ, ಹೋಸ್ ಅದನ್ನ ದಾಟಬೇಕು, ಕ್ಲಿಪ್ ಆ ಏಣಿನ ಹಿಂದೆ ಕೂರಬೇಕು. ಕ್ಲಿಪ್ಪನ್ನ ರಬ್ಬರ್ ಕತ್ತರಿಸೋ ಹಾಗೆ ಬಿಗಿಯೋದೂ ತಪ್ಪು.

ಆಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿ, ಎಂಜಿನ್ ಓಡಿಸಿ, ತಣ್ಣಗಾಗೋಕೆ ಬಿಟ್ಟು, ಬಸಿದು, ಮತ್ತೆ ತುಂಬಿದೆವು. ಮೂರನೇ ಸಲಕ್ಕೆ ನೀರು ಹೆಚ್ಚುಕಮ್ಮಿ ತಿಳಿಯಾಯಿತು. ಪ್ರತಿ ಸಲ ತಣ್ಣಗಾಗೋವರೆಗೆ ಕಾಯಬೇಕಾದ್ದರಿಂದ ಇಡೀ ದಿನದ ಕೆಲಸ, ಮಧ್ಯೆ ಊಟ, ನಿದ್ದೆ ಎಲ್ಲಾ ಆಯಿತು. ಕೊನೆಗೆ ಕೂಲೆಂಟ್. ಗಟ್ಟಿ ಕೂಲೆಂಟ್ ತಂದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ. ಬೆರೆಸಿಯೇ ಮಾರುವ ಬಾಟಲಿಯೂ ಬರುತ್ತೆ, ಅದಕ್ಕೆ ಮತ್ತೆ ನೀರು ಹಾಕಬಾರದು. ಹಸಿರು, ಕೆಂಪು, ನೀಲಿ ಅನ್ನೋದು ಕಂಪನಿಯವರು ಹಾಕೋ ಬಣ್ಣ ಅಷ್ಟೇ, ಬಣ್ಣ ನೋಡಿ ಒಂದೇ ಅಂದುಕೊಂಡು ಎರಡು ಥರದ್ದನ್ನ ಬೆರೆಸಬೇಡಿ.

ತುಂಬುವಾಗ ಗಾಳಿ ಸಿಕ್ಕಿಹಾಕಿಕೊಳ್ಳೋದೇ ದೊಡ್ಡ ತಲೆನೋವು. ಒಳಗೆ ಗಾಳಿ ಗುಳ್ಳೆ ಉಳಿದರೆ ಅಲ್ಲಿ ನೀರು ತಿರುಗಲ್ಲ, ಎಲ್ಲಾ ಸರಿ ಮಾಡಿದರೂ ಮುಳ್ಳು ಏರುತ್ತೆ. ತಣ್ಣಗಿರೋ ಎಂಜಿನ್‌ಗೆ ನಿಧಾನವಾಗಿ ತುಂಬಿ, ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಬೇಕು. ಗುಳ್ಳೆ ಬರುತ್ತೆ, ಮಟ್ಟ ಇಳಿಯುತ್ತೆ, ಹಾಕುತ್ತಾ ಇರಬೇಕು. 80 ಡಿಗ್ರಿ ದಾಟಿದ ಮೇಲೆ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತೆ. ಅಲ್ಲಿವರೆಗೂ ತಣ್ಣಗಿದ್ದ ರೇಡಿಯೇಟರ್ ಥಟ್ಟನೆ ಬಿಸಿಯಾಗೋದರಲ್ಲೇ ಗೊತ್ತಾಗುತ್ತೆ. ಮಟ್ಟ ಒಂದು ಸಲ ಇಳಿದು ನಿಂತ ಮೇಲೆ ತುಂಬಿಸಿ ಮುಚ್ಚಳ ಹಾಕಿ. ದ್ರವ ಉಕ್ಕೋ ಹಾಗೆ ಕಂಡರೆ ಎಂಜಿನ್ ಆಫ್ ಮಾಡಿ ದೂರ ಸರಿಯಿರಿ. ಆಮೇಲೆ ಫ್ಯಾನ್ ತಾನಾಗೇ ತಿರುಗೋಕೆ ಶುರುವಾಗುತ್ತಾ ನೋಡಿ. ಟೊಮೆಟೊ ಹೊತ್ತು ಕೋಲಾರದ ಮಂಡಿಯ ಮುಂದೆ ಸಾಲಲ್ಲಿ ನಿಲ್ಲೋ ಗಾಡಿಗಳಿಗೆ, ಮಾವಿನ ಸೀಸನ್ನಿನಲ್ಲಿ ಶ್ರೀನಿವಾಸಪುರದ ಟ್ರಾಫಿಕ್ಕಿನಲ್ಲಿ ಸಿಕ್ಕವರಿಗೆ, ಈ ಫ್ಯಾನೇ ದಿಕ್ಕು. ಹೈವೇಯಲ್ಲಿ ಓಡುವಾಗ ಗಾಳಿ ತಾನಾಗಿ ಬರುತ್ತೆ, ನಿಂತಾಗ ಬರಲ್ಲ. ಮುಳಬಾಗಿಲಿನವರೆಗೆ ಸುಮ್ಮನಿದ್ದ ಮುಳ್ಳು ಊರೊಳಗೆ ಬಂದ ತಕ್ಷಣ ಏರಿದರೆ ಮೊದಲು ಫ್ಯಾನ್ ಮೇಲೆ ಅನುಮಾನ ಪಡಿ.

ಅರಿಶಿನ, ಮತ್ತೆ ಮೆಕ್ಯಾನಿಕ್‌ಗೆ ಬಿಡಬೇಕಾದ್ದು

ಲಾರಿ ಡ್ರೈವರ್‌ಗಳ ಹಳೇ ಮದ್ದು ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕೋದು. ಸುಳ್ಳಲ್ಲ, ಪುಡಿ ಉಬ್ಬಿ ಹೋಗಿ ಸಣ್ಣ ತೂತಿಗೆ ಅಡ್ಡ ಕೂರುತ್ತೆ, ನಡುರಾತ್ರಿ ನಂಗಲಿ ದಾಟಿ ನಿಂತವರಿಗೆ ಊರು ಸೇರೋಕೆ ಸಾಕಾಗುತ್ತೆ. ಆದರೆ ಸೋರೋ ತೂತು ಯಾವುದು, ರೇಡಿಯೇಟರ್‌ನ ಒಳಗಿನ ಸಣ್ಣ ಕೊಳವೆ ಯಾವುದು ಅಂತ ಅರಿಶಿನಕ್ಕೆ ಗೊತ್ತಾಗಲ್ಲ. ಎರಡನ್ನೂ ಮುಚ್ಚುತ್ತೆ. ಅಂಗಡಿಯಲ್ಲಿ ಸಿಗೋ ಲೀಕ್ ನಿಲ್ಲಿಸೋ ದ್ರವಗಳ ಬಗ್ಗೆಯೂ ನನ್ನ ಅಭಿಪ್ರಾಯ ಅದೇ. ಹಾಕಲೇಬೇಕಾದ ಪರಿಸ್ಥಿತಿ ಬಂದರೆ, ಊರು ಸೇರಿದ ಮೇಲೆ ಪೂರ್ತಿ ತೊಳೆಸಿ.

ಹೋಸ್, ಕ್ಲಿಪ್, ಮುಚ್ಚಳ, ಇಷ್ಟು ಮನೆಯಲ್ಲಿ ಆಗುತ್ತೆ. ವಾಟರ್ ಪಂಪ್, ರೇಡಿಯೇಟರ್ ಕೆಲಸ ಅಭ್ಯಾಸ ಇಲ್ಲದವರು ಮುಟ್ಟದಿದ್ದರೆ ಒಳ್ಳೇದು. ಹೊರಗೆಲ್ಲೂ ಒದ್ದೆ ಕಾಣದೇ ನೀರು ಕಮ್ಮಿಯಾಗ್ತಿದ್ದರೆ ಆಯಿಲ್ ಮುಚ್ಚಳ ತೆಗೆದು ನೋಡಿ: ಹಾಲು ಬೆರೆಸಿದ ಕಾಫಿಯ ಥರ ನೊರೆ ಇದೆಯಾ? ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ತಿಲ್ವಾ? ತಣ್ಣಗಿದ್ದ ಗಾಡಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಹೆಡ್ ಗ್ಯಾಸ್ಕೆಟ್ ಅನುಮಾನ. ಆ ಗಾಡಿಯನ್ನ ಓಡಿಸಿಕೊಂಡು ಹೋಗದೆ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ನಮ್ಮ ಖರ್ಚು ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಎಲ್ಲಾ ಸೇರಿ ಸಾವಿರದ ಇನ್ನೂರು ದಾಟಲಿಲ್ಲ. ರಿಸರ್ವ್ ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಬರೆದಿಟ್ಟು ಬಂದೆ. ಮಂಗಳವಾರ ಸಂಜೆ ದೊಡ್ಡಮ್ಮನೇ ಫೋನ್ ಮಾಡಿ, ಗೆರೆ ಇದ್ದಲ್ಲೇ ಐತೆ ಅಂದರು. ಮೂರು ವಾರ ಆದ ಮೇಲೂ ಅಲ್ಲೇ ಇತ್ತು.

ಟಬ್ಬಿನಲ್ಲಿ ಹಿಡಿದ ಹಳೇ ದ್ರವದ ಬಗ್ಗೆ ಒಂದು ಮಾತು. ಅದರಲ್ಲಿ ಕೂಲೆಂಟ್ ಬೆರೆತಿದ್ದರೆ ಅದು ವಿಷ, ರುಚಿ ಮಾತ್ರ ಸಿಹಿ. ನಾಯಿ, ಕರು, ಸಣ್ಣ ಮಕ್ಕಳು ಬಾಯಿ ಹಾಕೋದು ಆ ಸಿಹಿಗೇ, ಸ್ವಲ್ಪ ಹೋದರೂ ಕಿಡ್ನಿ ಹಾಳಾಗುತ್ತೆ. ಅಂಗಳದಲ್ಲಿ ಚೆಲ್ಲಿದ್ದರೆ ಮಣ್ಣು ಹಾಕಿ ಹೀರಿಸಿ, ಆ ಮಣ್ಣನ್ನೂ ಚೀಲಕ್ಕೆ ತುಂಬಿ. ಚರಂಡಿಗೆ, ಗಿಡದ ಬುಡಕ್ಕೆ, ಬೋರ್‌ವೆಲ್ ಪಕ್ಕಕ್ಕೆ ಸುರಿಯಬೇಡಿ. ಮುಚ್ಚಳ ಇರೋ ಕ್ಯಾನಿಗೆ ತುಂಬಿ, ಮೇಲೆ ವಿಷ ಅಂತ ದೊಡ್ಡದಾಗಿ ಬರೆದು, ಹಳೇ ಆಯಿಲ್ ತಗೊಳ್ಳೋ ದೊಡ್ಡ ಸರ್ವೀಸ್ ಸೆಂಟರಿನಲ್ಲಿ ಕೇಳಿ ಕೊಡಿ. ಕೊಡೋವರೆಗೆ ಕೊಟ್ಟಿಗೆಯಲ್ಲಿ ಇಡಬೇಡಿ, ಅಟ್ಟದ ಮೇಲೆ ಇಡಿ.